ಸುದ್ದಿಯ ವೇಗವೂ ದಿನಸಿ ಅಂಗಡಿಯ ಸಾಲೂ

ಮಂಗಳೂರು ನಗರವನ್ನು ಕೊಂಕಣಿ ಭಾಷಿಕರು ಕೊಡಿಯಾಲ್ ಎಂದು ಕರೆಯುವರು. ಬೈಲು ಎಂದರೆ ಗುಡ್ಡಗಳ ನಡುವಣ ತಗ್ಗಿನಲ್ಲಿ ಹರಡಿಕೊಂಡಿರುವ ಗದ್ದೆಯ ನೆಲ. ಈ ಎರಡು ಮಾತುಗಳು ಕೂಡಿ ಆದ ಕೊಡಿಯಾಲ್‌ಬೈಲ್ ಇಂದು ಗದ್ದೆಯನ್ನು ಹೆಸರಿನಲ್ಲಿ ಮಾತ್ರ ಉಳಿಸಿಕೊಂಡಿದೆ. ಹಂಪನಕಟ್ಟೆಗೂ ಲಾಲ್‌ಬಾಗಿಗೂ ನಡುವೆ ಇರುವ ಈ ನಗರಭಾಗದಲ್ಲಿ ವಿದ್ಯಾಸಂಸ್ಥೆಗಳು, ಆಸ್ಪತ್ರೆಗಳು, ಬಹುಮಹಡಿಯ ವಸತಿಗಳು ಒತ್ತೊತ್ತಾಗಿ ನಿಂತಿವೆ. ಭತ್ತ ಬೆಳೆಯುತ್ತಿದ್ದ ನೆಲದ ಮೇಲೆ ವಾಸಿಸುವವರು ಈಗ ಅಕ್ಕಿಯನ್ನು ಅಂಗಡಿಯಿಂದ ತರಬೇಕು. ಅಂಗಡಿ ನಾಳೆ ತೆರೆದಿರುವುದೋ ಇಲ್ಲವೋ ಎಂಬುದನ್ನು ಕೈಯಲ್ಲಿರುವ ಮೊಬೈಲ್ ಫೋನಿನಿಂದ ತಿಳಿಯಬೇಕು. ನಗರವಾಸಿಯ ಈ ಎರಡು ಅವಲಂಬನೆಗಳು ಸಾಮಾನ್ಯ ದಿನಗಳಲ್ಲಿ ಯಾರ ಗಮನಕ್ಕೂ ಬರುವುದಿಲ್ಲ. ೨೦೨೦ನೆಯ ಇಸವಿಯ ಮಾರ್ಚ್ ತಿಂಗಳಲ್ಲಿ ಅವೆರಡೂ ಒಂದೇ ವಾರದಲ್ಲಿ ಬಯಲಿಗೆ ಬಂದವು.

ಕರಾವಳಿಯ ಜನರಿಗೆ ಸಂಗ್ರಹವೆಂಬುದು ಹೊಸ ಮಾತಲ್ಲ. ಮಳೆಗಾಲದ ನಾಲ್ಕು ತಿಂಗಳು ಹೊರಗಿನ ಓಡಾಟವೇ ಕಷ್ಟವಾಗಿದ್ದ ಕಾಲದಲ್ಲಿ, ಬೇಸಿಗೆ ಮುಗಿಯುವುದರೊಳಗಾಗಿ ಮನೆಯ ಹೆಂಗಸರು ಹಪ್ಪಳ ಸಂಡಿಗೆಗಳನ್ನು ಒಣಗಿಸಿ ಡಬ್ಬಗಳಲ್ಲಿ ತುಂಬುತ್ತಿದ್ದರು. ಹಲಸಿನ ಸೊಳೆ ಉಪ್ಪಿನೊಡನೆ ಭರಣಿ ಸೇರುತ್ತಿತ್ತು. ಮಾವಿನ ಮಿಡಿ ಉಪ್ಪುನೀರಿನಲ್ಲಿ ಮುಳುಗುತ್ತಿತ್ತು. ಬೈಹುಲ್ಲಿನಿಂದ ಬಿಗಿದು ಕಟ್ಟಿದ ಅಕ್ಕಿಮುಡಿಗಳು ಅಟ್ಟದ ಮೇಲೆ ಸಾಲಾಗಿ ಕುಳಿತಿರುತ್ತಿದ್ದವು. ಕಟ್ಟಿಗೆಯ ರಾಶಿ ಕೊಟ್ಟಿಗೆಯ ಪಕ್ಕದಲ್ಲಿ ಏರುತ್ತಿತ್ತು. ನಾಲ್ಕು ತಿಂಗಳ ವಸ್ತುಗಳನ್ನು ಒಮ್ಮೆಲೇ ಕೂಡಿಡುವ ಈ ಪದ್ಧತಿಯನ್ನು ಗಾಬರಿಯೆಂದು ಯಾರೂ ಕರೆದಿಲ್ಲ. ಮಳೆ ಬರುವ ಕಾಲ ಎಲ್ಲರಿಗೂ ಗೊತ್ತಿತ್ತು. ಕೂಡಿಡುವ ಕೆಲಸ ಎರಡು ಮೂರು ತಿಂಗಳು ನಿಧಾನವಾಗಿ ಸಾಗುತ್ತಿತ್ತು. ನೆರೆಮನೆಯವರು ಹತ್ತು ಮುಡಿ ಕಟ್ಟಿಟ್ಟರೆಂಬ ಕಾರಣದಿಂದ ತಮ್ಮ ಮನೆಯ ಪಾಲು ಕಡಿಮೆಯಾಗುತ್ತಿರಲಿಲ್ಲ.

ಗಾಬರಿ ಖರೀದಿಯಲ್ಲಿ ಈ ಮೂರೂ ತಲೆಕೆಳಗಾಗುವುವು. ಸಂಕಟದ ಕಾಲಾವಧಿ ತಿಳಿಯದು. ಕೂಡಿಡಲು ದೊರೆಯುವ ಸಮಯ ಒಂದು ಸಂಜೆ, ಹೆಚ್ಚೆಂದರೆ ಒಂದು ಮುಂಜಾನೆ. ಪಕ್ಕದವನು ಕೊಂಡಷ್ಟೂ ತನಗೆ ಉಳಿಯುವುದು ಕಡಿಮೆ ಎಂಬ ಎಣಿಕೆ ಪ್ರತಿಯೊಬ್ಬನ ಮನಸ್ಸಿನಲ್ಲಿಯೂ ಏಕಕಾಲಕ್ಕೆ ಹುಟ್ಟುವುದು. ಈ ಎಣಿಕೆಯನ್ನು ಒಂದೇ ಗಳಿಗೆಯಲ್ಲಿ ಸಾವಿರಾರು ಮನೆಗಳಲ್ಲಿ ಹುಟ್ಟಿಸುವ ಶಕ್ತಿ ಅಂತರ್ಜಾಲದ ಸುದ್ದಿಗೆ ಇರುವುದರಿಂದಲೇ ಅದು ಅಧ್ಯಯನಕ್ಕೆ ಯೋಗ್ಯವಾದ ವಿಷಯವಾಗಿದೆ.

ಘಟನೆಗಳ ಅನುಕ್ರಮವನ್ನು ಮೊದಲು ನೋಡಬೇಕು. ಭಾರತದಲ್ಲಿ ಕೊರೊನಾ ಸೋಂಕಿನ ಮೊದಲ ಪ್ರಕರಣವು ೨೦೨೦ರ ಜನವರಿ ೩೦ರಂದು ಕೇರಳದ ತ್ರಿಶೂರಿನಲ್ಲಿ ದೃಢಪಟ್ಟಿತು. ಮೂರನೆಯದು ಫೆಬ್ರವರಿ ೩ರಂದು ಕಾಸರಗೋಡು ಜಿಲ್ಲೆಯ ಕಾಞಂಗಾಡಿನಲ್ಲಿ ಕಂಡುಬಂದಿತು. ಚಿಕಿತ್ಸೆಗೂ ವಿದ್ಯೆಗೂ ವ್ಯಾಪಾರಕ್ಕೂ ಕಾಸರಗೋಡಿನವರು ಮಂಗಳೂರನ್ನೇ ನೆಚ್ಚಿಕೊಂಡಿರುವುದರಿಂದ ಆ ಸುದ್ದಿ ಮಂಗಳೂರಿಗೆ ದೂರದ ಸುದ್ದಿಯಾಗಿರಲಿಲ್ಲ. ದೇಶದಲ್ಲಿ ಈ ರೋಗದಿಂದಾದ ಮೊದಲ ಸಾವು ಮಾರ್ಚ್ ೧೦ರಂದು ಕಲಬುರಗಿಯಲ್ಲಿ ಸಂಭವಿಸಿತು. ಮುಖಗವಸು ಮತ್ತು ಕೈ ಶುದ್ಧಿ ದ್ರಾವಣಗಳ ಬೇಡಿಕೆ ಏರಿ ಬೆಲೆ ಕೈಮೀರಿದುದರಿಂದ ಕೇಂದ್ರ ಸರ್ಕಾರವು ಮಾರ್ಚ್ ೧೩ರಂದು ಅವುಗಳನ್ನು ೧೯೫೫ರ ಅಗತ್ಯ ವಸ್ತುಗಳ ಕಾಯಿದೆಯ ವ್ಯಾಪ್ತಿಗೆ ತಂದಿತು. ಮಾರ್ಚ್ ೨೧ರಂದು ಮೂರು ಪದರದ ಮುಖಗವಸಿಗೆ ೧೦ ರೂಪಾಯಿ, ೨೦೦ ಮಿಲಿಲೀಟರ್ ದ್ರಾವಣಕ್ಕೆ ೧೦೦ ರೂಪಾಯಿ ಎಂದು ಗರಿಷ್ಠ ಬೆಲೆಯನ್ನು ಗೊತ್ತುಪಡಿಸಿತು. ಮಾರ್ಚ್ ೨೨ರ ಭಾನುವಾರ ಜನತಾ ಕರ್ಫ್ಯೂ ನಡೆಯಿತು. ಅದೇ ದಿನ ದಕ್ಷಿಣ ಕನ್ನಡ ಜಿಲ್ಲೆಯ ಮೊದಲ ಪ್ರಕರಣವೂ ದೃಢಪಟ್ಟಿತು. ಸೋಂಕಿತನು ದುಬೈಯಿಂದ ಮಂಗಳೂರು ವಿಮಾನ ನಿಲ್ದಾಣಕ್ಕೆ ಬಂದಿಳಿದ ಪ್ರಯಾಣಿಕನಾಗಿದ್ದನು.

ಮಾರ್ಚ್ ೨೪ರ ರಾತ್ರಿ ೮ ಗಂಟೆಗೆ ಪ್ರಧಾನಿಯವರು ದೇಶವನ್ನುದ್ದೇಶಿಸಿ ಮಾತನಾಡಿ, ಅಂದು ಮಧ್ಯರಾತ್ರಿಯಿಂದ ೨೧ ದಿನ ಇಡೀ ದೇಶ ಸ್ತಬ್ಧವಾಗುವುದೆಂದು ಸಾರಿದರು. ಭಾಷಣ ಮುಗಿಯುವ ಮೊದಲೇ ‘೨೧ ದಿನ ಸಂಪೂರ್ಣ ಲಾಕ್‌ಡೌನ್’ ಎಂಬ ನಾಲ್ಕು ಪದಗಳು ಫೋನಿನಿಂದ ಫೋನಿಗೆ ಹಾರಿದವು. ದೇಶದ ಹಲವು ನಗರಗಳಲ್ಲಿ ಜನರು ಚೀಲ ಹಿಡಿದು ಅಂಗಡಿಗಳತ್ತ ಓಡಿದರು. ದಿನಸಿ, ಹಾಲು, ತರಕಾರಿ, ಔಷಧಗಳ ಅಂಗಡಿಗಳಿಗೆ ವಿನಾಯಿತಿ ಇರುವುದೆಂದು ಗೃಹ ಸಚಿವಾಲಯದ ಮಾರ್ಗಸೂಚಿಯಲ್ಲಿ ಸ್ಪಷ್ಟವಾಗಿ ಬರೆದಿತ್ತು. ಗಾಬರಿಪಡಬೇಕಾಗಿಲ್ಲ ಎಂದು ಪ್ರಧಾನಿಯವರೇ ಮತ್ತೆ ಅಂತರ್ಜಾಲದಲ್ಲಿ ಬರೆದು ತಿಳಿಸಿದರು. ಆದರೆ ಅಷ್ಟರಲ್ಲಿ ಸುದ್ದಿಯ ಪೂರ್ವಾರ್ಧವು ಮನೆಮನೆಯನ್ನು ತಲುಪಿಯಾಗಿತ್ತು. ಉತ್ತರಾರ್ಧವು ಹಿಂದೆ ಉಳಿದಿತ್ತು.

ಮಂಗಳೂರಿನಲ್ಲಿ ಇದಕ್ಕಿಂತಲೂ ತೀಕ್ಷ್ಣವಾದ ಪಾಠ ಕೆಲವೇ ದಿನಗಳಲ್ಲಿ ದೊರೆಯಿತು. ಜಿಲ್ಲೆಯಲ್ಲಿ ಪ್ರಕರಣಗಳು ಏರಿದುದರಿಂದ ಮಾರ್ಚ್ ೨೮ರಂದು ದಿನಸಿ ಅಂಗಡಿಗಳೂ ಸೇರಿದಂತೆ ಸಂಪೂರ್ಣ ಬಂದ್ ಜಾರಿಗೆ ಬಂದಿತು. ಅದು ೨೯, ೩೦ಕ್ಕೂ ಮುಂದುವರಿಯಿತು. ಮೂರು ದಿನಗಳ ತರುವಾಯ ಮಾರ್ಚ್ ೩೧ರಂದು ಬೆಳಗ್ಗೆ ೬ರಿಂದ ಮಧ್ಯಾಹ್ನ ೩ರವರೆಗೆ ಅಂಗಡಿಗಳನ್ನು ತೆರೆಯಲು ಅನುಮತಿ ದೊರೆತಾಗ ನಗರದ ಮಾರುಕಟ್ಟೆಗಳಲ್ಲಿಯೂ ಅಂಗಡಿಗಳ ಮುಂದೆಯೂ ಜನ ಕಿಕ್ಕಿರಿದರು. ರೋಗ ಹರಡದಿರಲೆಂದು ಜನರನ್ನು ಮನೆಯೊಳಗೆ ಇರಿಸಿದ ಮೂರು ದಿನಗಳ ಫಲವನ್ನು ಒಂದು ಮುಂಜಾನೆಯ ನೂಕುನುಗ್ಗಲು ಎಷ್ಟರಮಟ್ಟಿಗೆ ಕರಗಿಸಿತೋ ಅಳೆಯಲು ಸಾಧ್ಯವಿಲ್ಲ. ಆದರೆ ಅಂಗಡಿಯ ಮುಂದಿನ ಸಾಲೇ ಸೋಂಕಿಗೆ ದಾರಿಯಾಗಬಲ್ಲುದು ಎಂಬುದರಲ್ಲಿ ಸಂದೇಹವಿಲ್ಲ. ಇತರ ಬಗೆಯ ಗಾಬರಿ ಖರೀದಿಗೂ ಆರೋಗ್ಯ ಸಂಕಟದ ಕಾಲದ ಗಾಬರಿ ಖರೀದಿಗೂ ಇರುವ ಮುಖ್ಯ ವ್ಯತ್ಯಾಸವಿದು: ಉಪ್ಪು ಸಿಗದೆಂಬ ಭಯದಿಂದ ಸಾಲು ನಿಂತವನು ಹೆಚ್ಚೆಂದರೆ ಹಣ ಕಳೆದುಕೊಳ್ಳುವನು, ಸಾಂಕ್ರಾಮಿಕದ ಕಾಲದಲ್ಲಿ ಸಾಲು ನಿಂತವನು ಯಾವುದರಿಂದ ತಪ್ಪಿಸಿಕೊಳ್ಳಲು ಹೊರಟನೋ ಅದನ್ನೇ ಮನೆಗೆ ತರಬಹುದು.

ಇಂತಹ ಸಂದರ್ಭಗಳಲ್ಲಿ ಎಲ್ಲ ದೋಷವನ್ನೂ ಸುಳ್ಳು ಸುದ್ದಿಯ ಮೇಲೆ ಹೊರಿಸುವುದು ವಾಡಿಕೆ. ೨೦೨೦ರ ಫೆಬ್ರವರಿ ೧೫ರಂದು ವಿಶ್ವ ಆರೋಗ್ಯ ಸಂಸ್ಥೆಯ ಮಹಾನಿರ್ದೇಶಕರಾದ ಟೆಡ್ರೋಸ್ ಅಧನೋಮ್ ಗೆಬ್ರೆಯೇಸಸ್ ಅವರು, ಜಗತ್ತು ಸಾಂಕ್ರಾಮಿಕ ರೋಗದೊಡನೆ ‘ಇನ್ಫೋಡೆಮಿಕ್’ ಒಂದನ್ನೂ, ಅಂದರೆ ಮಾಹಿತಿಯ ಸಾಂಕ್ರಾಮಿಕವನ್ನೂ ಎದುರಿಸುತ್ತಿದೆಯೆಂದು ಮ್ಯೂನಿಕ್ ನಗರದಲ್ಲಿ ಎಚ್ಚರಿಸಿದರು. ಸುಳ್ಳು ಸುದ್ದಿಯಿಂದ ಹಾನಿಯಾದುದು ನಿಜ. ಕೋಳಿ ಮಾಂಸದಿಂದ ಕೊರೊನಾ ಹರಡುವುದೆಂಬ ವದಂತಿ ಆ ವರ್ಷದ ಫೆಬ್ರವರಿ-ಮಾರ್ಚ್ ತಿಂಗಳುಗಳಲ್ಲಿ ವಾಟ್ಸಾಪ್ ಮೂಲಕ ಹಬ್ಬಿದಾಗ ಕೋಳಿಯ ಬೆಲೆ ಕುಸಿದು, ಬೆಳಗಾವಿ ಜಿಲ್ಲೆಯ ಗೋಕಾಕದ ಬಳಿ ಸಾಕಣೆದಾರನೊಬ್ಬನು ಸಾವಿರಾರು ಕೋಳಿಗಳನ್ನು ಜೀವಂತವಾಗಿ ಹೂಳಿದನು. ಆದರೆ ಇಲ್ಲಿ ಒಂದು ಸೂಕ್ಷ್ಮವನ್ನು ವಿದ್ಯಾರ್ಥಿಗಳು ಗಮನಿಸಬೇಕು. ಈ ಸುಳ್ಳು ಜನರನ್ನು ಕೊಳ್ಳದಂತೆ ಮಾಡಿತು. ಜನರನ್ನು ಅಂಗಡಿಗೆ ಓಡಿಸಿದ ಸುದ್ದಿಗಳು ಬಹುಮಟ್ಟಿಗೆ ನಿಜವಾಗಿದ್ದವು. ಲಾಕ್‌ಡೌನ್ ನಿಜ. ಮೂರು ದಿನದ ಬಂದ್ ನಿಜ. ಅಂಗಡಿಯ ಮುಂದಿನ ಸಾಲಿನ ಚಿತ್ರವೂ ನಿಜ. ಸತ್ಯವಾದ ಸುದ್ದಿಯು ಅರ್ಧವಾಗಿ, ಮುಂಚಿತವಾಗಿ, ಎಲ್ಲರಿಗೂ ಒಂದೇ ಗಳಿಗೆಯಲ್ಲಿ ತಲುಪಿದರೆ ಸಾಕು. ಗಾಬರಿಗೆ ಸುಳ್ಳಿನ ಅಗತ್ಯವೇ ಇಲ್ಲ.

ಇದನ್ನು ಅರಿಯಲು ಸಮಾಜಶಾಸ್ತ್ರದ ಒಂದು ಹಳೆಯ ವಿಚಾರ ನೆರವಾಗುವುದು. ಅಮೆರಿಕೆಯ ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ ಅವರು ೧೯೪೮ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ತನ್ನನ್ನು ತಾನೇ ನಿಜವಾಗಿಸಿಕೊಳ್ಳುವ ಭವಿಷ್ಯವಾಣಿಯ ಸ್ವರೂಪವನ್ನು ವಿವರಿಸಿದರು. ಅವರು ಕೊಟ್ಟ ಉದಾಹರಣೆ ಬ್ಯಾಂಕಿನದು. ಚೆನ್ನಾಗಿ ನಡೆಯುತ್ತಿರುವ ಬ್ಯಾಂಕೊಂದು ಮುಳುಗುವುದೆಂದು ಠೇವಣಿದಾರರು ನಂಬಿದರೆ, ಎಲ್ಲರೂ ಒಟ್ಟಾಗಿ ಹಣ ಹಿಂಪಡೆಯಲು ಬರುವರು. ಆಗ ಬ್ಯಾಂಕು ನಿಜವಾಗಿಯೂ ಮುಳುಗುವುದು. ೧೯೦೬ರಲ್ಲಿ ಕೆನರಾ ಬ್ಯಾಂಕು, ೧೯೨೪ರಲ್ಲಿ ಕರ್ಣಾಟಕ ಬ್ಯಾಂಕು, ೧೯೩೧ರಲ್ಲಿ ವಿಜಯಾ ಬ್ಯಾಂಕು ಹುಟ್ಟಿದ ಮಂಗಳೂರಿನವರಿಗೆ ಈ ಉದಾಹರಣೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ೧೯೬೦ರಲ್ಲಿ ಕೇರಳದ ಪಾಲಾಯಿ ಸೆಂಟ್ರಲ್ ಬ್ಯಾಂಕು ಕುಸಿದಾಗ ಇತರ ಬ್ಯಾಂಕುಗಳ ಠೇವಣಿದಾರರೂ ಕಳವಳಗೊಂಡಿದ್ದರು. ದಿನಸಿ ಅಂಗಡಿಯೂ ಈ ವಿಷಯದಲ್ಲಿ ಬ್ಯಾಂಕಿನಂತೆಯೇ. ಎಲ್ಲ ಗಿರಾಕಿಗಳೂ ಒಂದೇ ದಿನ ಬರಲಾರರೆಂಬ ನಂಬಿಕೆಯ ಮೇಲೆಯೇ ಅದರ ದಾಸ್ತಾನು ನಿಂತಿದೆ.

ಒಂದು ಲೆಕ್ಕವನ್ನು ಊಹಿಸಿಕೊಳ್ಳಬಹುದು. ಒಂದು ಬಡಾವಣೆಯಲ್ಲಿ ಸಾವಿರ ಮನೆಗಳಿವೆಯೆಂದೂ, ಪ್ರತಿಯೊಂದು ಮನೆಯವರು ಹತ್ತು ದಿನಕ್ಕೊಮ್ಮೆ ಐದು ಕಿಲೋ ಅಕ್ಕಿ ಕೊಳ್ಳುವರೆಂದೂ ಇಟ್ಟುಕೊಳ್ಳೋಣ. ದಿನಕ್ಕೆ ನೂರು ಮನೆಯವರು ಬರುವರು. ಅಂಗಡಿಯವನು ದಿನಕ್ಕೆ ಐದು ಕ್ವಿಂಟಲ್ ಅಕ್ಕಿಯನ್ನು ಅಣಿಯಾಗಿಟ್ಟರೆ ಸಾಕು. ಸಂಜೆಯ ಸುದ್ದಿಯೊಂದನ್ನು ಓದಿ ಸಾವಿರ ಮನೆಯವರಲ್ಲಿ ಅರ್ಧದಷ್ಟು ಜನರು ಮರುದಿನವೇ ಬಂದರೆಂದರೆ, ಪ್ರತಿಯೊಬ್ಬರೂ ಎಂದಿನ ಐದು ಕಿಲೋವನ್ನೇ ಕೇಳಿದರೂ ಇಪ್ಪತ್ತೈದು ಕ್ವಿಂಟಲ್ ಬೇಕಾಗುವುದು. ಬೆಳಗ್ಗೆ ಹತ್ತರ ಹೊತ್ತಿಗೆ ಹಲಗೆ ಬರಿದು. ಇಲ್ಲಿ ದುರಾಸೆಯವನು ಒಬ್ಬನೂ ಇಲ್ಲ; ಐವತ್ತು ಕಿಲೋ ಚೀಲವನ್ನು ಹೊತ್ತೊಯ್ದವನೂ ಇಲ್ಲ. ಆದರೂ ಅಕ್ಕಿ ಮುಗಿಯಿತು.

ಇದು ಕೇವಲ ಊಹೆಯಲ್ಲ. ಬ್ರಿಟನ್ನಿನಲ್ಲಿ ೨೦೨೦ರ ಮಾರ್ಚ್ ತಿಂಗಳಲ್ಲಿ ಅಂಗಡಿಗಳು ಬರಿದಾದ ಬಗೆಯನ್ನು ಮಾರ್ಟಿನ್ ಓ’ಕಾನಲ್, ಆರಿಯೊ ದೆ ಪೌಲಾ ಮತ್ತು ಕೇಟ್ ಸ್ಮಿತ್ ಎಂಬ ಅರ್ಥಶಾಸ್ತ್ರಜ್ಞರು ಮನೆಗಳ ಖರೀದಿಯ ದಾಖಲೆಗಳಿಂದ ಪರಿಶೀಲಿಸಿದರು. ಕೆಲವರು ವಿಪರೀತವಾಗಿ ಕೂಡಿಟ್ಟುದಕ್ಕಿಂತಲೂ, ಎಂದಿಗಿಂತ ಹೆಚ್ಚು ಮನೆಗಳವರು ಏಕಕಾಲದಲ್ಲಿ ಕೊಳ್ಳಲು ಬಂದುದೇ ಬೇಡಿಕೆಯ ಏರಿಕೆಗೆ ಮುಖ್ಯ ಕಾರಣವೆಂದು ಅವರು ಕಂಡರು. ಕೂಡಿಡುವವನನ್ನು ಬೈಯುವ ಸುದ್ದಿಚಿತ್ರಗಳು ಓದುಗರಿಗೆ ಪ್ರಿಯವಾದರೂ ರೋಗನಿದಾನದ ದೃಷ್ಟಿಯಿಂದ ಅವು ದಾರಿ ತಪ್ಪಿಸುವಂತಹವು. ಆಸ್ಟ್ರೇಲಿಯದ ಮೈಕೇಲ್ ಕೀನ್ ಮತ್ತು ಟಿಮೊಥಿ ನೀಲ್ ಅವರು ೫೪ ದೇಶಗಳ ಜನರು ಆ ತಿಂಗಳುಗಳಲ್ಲಿ ಗೂಗಲ್‌ನಲ್ಲಿ ಏನನ್ನು ಹುಡುಕಿದರೆಂಬುದನ್ನು ಆಧಾರವಾಗಿಟ್ಟುಕೊಂಡು ನಡೆಸಿದ ಅಧ್ಯಯನವೂ ಗಮನಾರ್ಹ. ದೇಶದೊಳಗಿನ ಸಂಚಾರವನ್ನು ನಿರ್ಬಂಧಿಸುವ ಪ್ರಕಟಣೆಗಳು ತೀವ್ರವಾದ ಗಾಬರಿಯನ್ನು ಹುಟ್ಟಿಸಿದವೆಂದೂ, ಆ ಗಾಬರಿಯು ಒಂದು ವಾರ ಹತ್ತು ದಿನಗಳಲ್ಲಿ ಬಹುಪಾಲು ಇಳಿಯಿತೆಂದೂ ಅವರು ತೋರಿಸಿದರು. ಅಂದರೆ ಸಮಸ್ಯೆಯ ಆಯುಸ್ಸು ಚಿಕ್ಕದು. ಆ ಚಿಕ್ಕ ಅವಧಿಯಲ್ಲಿ ಯಾರು ಬರಿಗೈಯಲ್ಲಿ ಹಿಂದಿರುಗುವರು ಎಂಬುದೇ ಪ್ರಶ್ನೆ.

ಸುದ್ದಿಯ ಸಾಗಾಣಿಕೆಯು ಹೇಗೆ ಬದಲಾಯಿತೆಂಬುದನ್ನು ಮಂಗಳೂರಿನ ಇತಿಹಾಸವೇ ಹೇಳುವುದು. ಕನ್ನಡದ ಮೊದಲ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ವು ಹೆರ್ಮನ್ ಮೋಗ್ಲಿಂಗ್ ಅವರ ಸಂಪಾದಕತ್ವದಲ್ಲಿ ೧೮೪೩ರ ಜುಲೈ ೧ರಂದು ಇದೇ ಊರಿನಲ್ಲಿ ಕಲ್ಲಚ್ಚಿನಲ್ಲಿ ಹೊರಬಂದಿತು. ಅದು ಪಾಕ್ಷಿಕ, ಹದಿನೈದು ದಿನಕ್ಕೊಮ್ಮೆ ಬರುವ ಸುದ್ದಿಯನ್ನು ಓದಿ ಯಾರೂ ಅಂಗಡಿಗೆ ಓಡಲಾರರು. ಅನಂತರದ ದಿನಪತ್ರಿಕೆಗಳ ಕಾಲದಲ್ಲಿಯೂ ಸುದ್ದಿಗೆ ಒಂದು ಗೊತ್ತಾದ ವೇಳೆಯಿತ್ತು. ರಾತ್ರಿ ಬಂದ ಆಜ್ಞೆಯು ಬೆಳಗಿನ ಪುಟದಲ್ಲಿ ಅಚ್ಚಾಗುವುದರೊಳಗೆ ಜಿಲ್ಲಾಧಿಕಾರಿಗಳ ವಿವರಣೆ, ವರ್ತಕರ ಹೇಳಿಕೆ, ತೆರೆದಿರುವ ಅಂಗಡಿಗಳ ವೇಳಾಪಟ್ಟಿಗಳು ಅದರ ಪಕ್ಕದಲ್ಲಿ ಬಂದು ಕೂಡುತ್ತಿದ್ದವು. ಓದುಗನು ಕಾಫಿ ಕುಡಿಯುತ್ತ ಎಲ್ಲವನ್ನೂ ಒಟ್ಟಿಗೆ ಓದುತ್ತಿದ್ದನು. ಪತ್ರಿಕೆಯ ನಿಧಾನವು ಅದರ ದೋಷವೆಂದು ಎಣಿಸಲ್ಪಡುತ್ತಿದ್ದರೂ ಆ ನಿಧಾನದಲ್ಲಿ ಒಂದು ಬಗೆಯ ವಿವೇಕವಿತ್ತೆಂದು ಈಗ ತೋರುವುದು.

ಅಂತರ್ಜಾಲದ ಸುದ್ದಿಗೆ ಮುಂಜಾನೆಯಿಲ್ಲ. ಆಜ್ಞೆ ಹೊರಬಿದ್ದ ಗಳಿಗೆಯೇ ತಲೆಬರಹ ಪ್ರಕಟವಾಗುವುದು. ವಿವರವು ಗಂಟೆಗೊಂದು ಕಂತಿನಂತೆ ಸೇರುವುದು. ತಲೆಬರಹವನ್ನು ಮಾತ್ರ ಚಿತ್ರವಾಗಿ ತೆಗೆದು ವಾಟ್ಸಾಪ್ ಗುಂಪಿಗೆ ಕಳುಹಿಸುವುದು ಒಂದು ಬೆರಳಿನ ಕೆಲಸ. ಹೀಗೆ ಕಳುಹಿಸಿದ ಚಿತ್ರದಲ್ಲಿ ದಿನಾಂಕ ಇರುವುದೂ ಉಂಟು, ಇಲ್ಲದಿರುವುದೂ ಉಂಟು. ಮೂಲದ ಸುದ್ದಿತಾಣವು ಅರ್ಧ ಗಂಟೆಯ ಬಳಿಕ ಬರಹವನ್ನು ತಿದ್ದಿದರೂ ಚಿತ್ರವು ತಿದ್ದಲ್ಪಡುವುದಿಲ್ಲ. ಮೂರನೆಯ ದಿನವೂ ಅದು ಹೊಸ ಸುದ್ದಿಯಾಗಿಯೇ ತಿರುಗಾಡುವುದು. ಕರಾವಳಿಯಲ್ಲಿ ಇದಕ್ಕೆ ಇನ್ನೊಂದು ಮಗ್ಗುಲಿದೆ. ಇಲ್ಲಿಯ ಅಸಂಖ್ಯ ಕುಟುಂಬಗಳ ಮಕ್ಕಳು ದುಬೈ, ಕುವೈತ್, ಮಸ್ಕತ್‌ಗಳಲ್ಲಿ ದುಡಿಯುತ್ತಿರುವರು. ಊರಿನ ಸುದ್ದಿಯನ್ನು ಅಂತರ್ಜಾಲ ತಾಣಗಳಲ್ಲಿ ಊರಿನವರಿಗಿಂತ ಮೊದಲೇ ಓದುವವರು ಅವರು. ದೂರದಲ್ಲಿರುವವನಿಗೆ ಭಯ ಹೆಚ್ಚು; ಮಾಡಬಲ್ಲ ಸಹಾಯವು ಫೋನಿನಲ್ಲಿ ಹೇಳುವ ಎರಡು ಮಾತು ಮಾತ್ರ. ಆ ಮಾತು ಬಹುಶಃ ‘ಅಕ್ಕಿ, ಔಷಧ ತರಿಸಿಟ್ಟುಕೊಳ್ಳಿ’ ಎಂಬುದಾಗಿರುವುದು ಸಹಜ. ಹೀಗೆ ಮಂಗಳೂರಿನ ಸುದ್ದಿಯು ಕೊಲ್ಲಿಯನ್ನು ಸುತ್ತಿ, ಮಗನ ಆತಂಕವನ್ನೂ ಹೊತ್ತುಕೊಂಡು ಮಂಗಳೂರಿಗೇ ಮರಳುವುದು. ಅದೇ ದಿನಗಳಲ್ಲಿ ಕಾಗದದ ಮೂಲಕ ಸೋಂಕು ಬರುವುದೆಂಬ ಭಯದಿಂದ ಅನೇಕರು ಮನೆಗೆ ಬರುವ ಪತ್ರಿಕೆಯನ್ನೂ ನಿಲ್ಲಿಸಿದರು. ಇದ್ದ ಒಂದು ನಿಧಾನದ ಧ್ವನಿಯೂ ಬಾಗಿಲ ಹೊರಗೆ ಉಳಿಯಿತು.

ಚಿತ್ರಗಳ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕು. ಸಂಜೆ ಏಳಕ್ಕೆ ಬರಿದಾದ ಹಲಗೆಯ ಚಿತ್ರವು ಸುದ್ದಿ. ಮರುದಿನ ಬೆಳಗ್ಗೆ ಏಳಕ್ಕೆ ಲಾರಿಯಿಂದ ಇಳಿದ ಚೀಲಗಳಿಂದ ತುಂಬಿದ ಅದೇ ಹಲಗೆಯ ಚಿತ್ರವನ್ನು ಯಾರೂ ತೆಗೆಯುವುದಿಲ್ಲ, ತೆಗೆದರೂ ಯಾರೂ ನೋಡುವುದಿಲ್ಲ. ಆದಕಾರಣ ಓದುಗನ ಕಣ್ಣಿಗೆ ಲೋಕವೆಲ್ಲ ಬರಿದಾದ ಹಲಗೆಗಳಿಂದಲೇ ತುಂಬಿರುವಂತೆ ಕಾಣುವುದು. ‘ಗಾಬರಿಯಾಗಬೇಡಿ’ ಎಂಬ ತಲೆಬರಹದ ಕೆಳಗೆ ನೂಕುನುಗ್ಗಲಿನ ಚಿತ್ರವನ್ನು ಹಾಕುವ ಅಭ್ಯಾಸವಂತೂ ವಿಚಿತ್ರವಾದುದು. ಉಪದೇಶವನ್ನು ಬುದ್ಧಿ ಓದುವುದು. ಚಿತ್ರವನ್ನು ಕಾಲು ಓದುವುದು.

ದಿನಸಿಗಿಂತಲೂ ಔಷಧದ ವಿಷಯದಲ್ಲಿ ಈ ವೇಗದ ಪರಿಣಾಮ ಕಠೋರವಾಯಿತು. ಹೈಡ್ರಾಕ್ಸಿಕ್ಲೋರೊಕ್ವಿನ್ ಎಂಬುದು ಮಲೇರಿಯ ಔಷಧವಾಗಿಯೂ, ಲೂಪಸ್ ಮತ್ತು ರುಮಟಾಯ್ಡ್ ಸಂಧಿವಾತದ ರೋಗಿಗಳು ನಿತ್ಯ ನುಂಗಬೇಕಾದ ಗುಳಿಗೆಯಾಗಿಯೂ ಬಳಕೆಯಲ್ಲಿತ್ತು. ೨೦೨೦ರ ಮಾರ್ಚ್ ೨೧ರಂದು ಅಮೆರಿಕೆಯ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಅವರು ಅದನ್ನು ಹೊಗಳಿ ಟ್ವಿಟರಿನಲ್ಲಿ ಬರೆದರು. ಮಾರ್ಚ್ ೨೩ರಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಕಾರ್ಯಪಡೆಯು, ಸೋಂಕಿತರ ಶುಶ್ರೂಷೆಯಲ್ಲಿ ತೊಡಗಿದ ಆರೋಗ್ಯ ಸಿಬ್ಬಂದಿಗೂ ಸೋಂಕಿತರ ಮನೆಯವರಿಗೂ ಮುನ್ನೆಚ್ಚರಿಕೆಯಾಗಿ ಅದನ್ನು ಕೊಡಬಹುದೆಂದು ಸಲಹೆ ಮಾಡಿತು. ಸಲಹೆಯಲ್ಲಿದ್ದ ಮಿತಿಯನ್ನು ಬಿಟ್ಟು ಔಷಧದ ಹೆಸರೊಂದೇ ಫೋನುಗಳಲ್ಲಿ ಹಬ್ಬಿತು. ಮಾರ್ಚ್ ೨೬ರಂದು ಕೇಂದ್ರ ಸರ್ಕಾರವು ಅದರ ಚಿಲ್ಲರೆ ಮಾರಾಟಕ್ಕೆ ಔಷಧ ನಿಯಮಗಳ ಎಚ್-೧ ಅನುಸೂಚಿಯ ಕಟ್ಟುಪಾಡುಗಳನ್ನು ವಿಧಿಸಬೇಕಾಯಿತು. ಸುದ್ದಿ ಹುಟ್ಟಿದಂದಿನಿಂದ ಕಟ್ಟುಪಾಡಿನವರೆಗೆ ಕಳೆದುದು ಐದು ದಿನ. ಅಷ್ಟರಲ್ಲಿ ಲೂಪಸ್ ರೋಗಿಗಳು ತಮ್ಮ ಎಂದಿನ ಗುಳಿಗೆಗಾಗಿ ಅಂಗಡಿಯಿಂದ ಅಂಗಡಿಗೆ ಅಲೆಯುವಂತಾಗಿತ್ತು. ಈ ಔಷಧದಿಂದ ಆಸ್ಪತ್ರೆಗೆ ಸೇರಿದ ಕೊರೊನಾ ರೋಗಿಗಳಿಗೆ ಪ್ರಯೋಜನವಿಲ್ಲವೆಂದು ಬ್ರಿಟನ್ನಿನ ರಿಕವರಿ ಪ್ರಯೋಗವು ಅದೇ ವರ್ಷ ಜೂನ್ ತಿಂಗಳಲ್ಲಿ ತಿಳಿಸಿತು. ಆದರೆ ಅದು ಮನೆಗಳ ಕಪಾಟು ಸೇರಿ ಮೂರು ತಿಂಗಳಾಗಿತ್ತು.

ಬರಿದಾದ ಹಲಗೆಯ ಬೆಲೆಯನ್ನು ತೆರುವವರು ಯಾರು? ರೆಫ್ರಿಜರೇಟರ್, ತಿಂಗಳ ಸಂಬಳ, ಸ್ಕೂಟರು ಇರುವ ಮನೆಯವರು ಒಂದು ಸಂಜೆಯಲ್ಲಿ ಹದಿನೈದು ದಿನದ ಸಾಮಾನು ತರಬಲ್ಲರು. ಮಂಗಳೂರಿನ ಕಟ್ಟಡಗಳನ್ನು ಕಟ್ಟುವ ಕೈಗಳಲ್ಲಿ ಬಹುಪಾಲು ಹೊರಗಿನವು. ಬಾಗಲಕೋಟೆ, ಗದಗ, ಕೊಪ್ಪಳ, ವಿಜಯಪುರ ಮೊದಲಾದ ಉತ್ತರ ಕರ್ನಾಟಕದ ಜಿಲ್ಲೆಗಳಿಂದ ಬಂದ ಕಾರ್ಮಿಕರು ಕಾಮಗಾರಿಯ ಪಕ್ಕದ ತಗಡಿನ ಗುಡಿಸಲುಗಳಲ್ಲಿಯೋ ಒಂದೇ ಕೋಣೆಯ ಬಾಡಿಗೆಮನೆಗಳಲ್ಲಿಯೋ ಇದ್ದು, ಸಂಜೆ ಕೂಲಿ ಪಡೆದು, ಆ ಕೂಲಿಯಲ್ಲಿಯೇ ರಾತ್ರಿಯ ಜೋಳದ ಹಿಟ್ಟು, ಬೇಳೆ, ಎಣ್ಣೆ ಕೊಳ್ಳುವವರು. ಅವರ ಫೋನಿಗೂ ಸುದ್ದಿ ಬರುವುದು. ಆದರೆ ಸುದ್ದಿ ಬಂದ ಗಳಿಗೆಯಲ್ಲಿ ಕೈಯಲ್ಲಿ ಹಣ ಇರುವುದಿಲ್ಲ. ಕೂಲಿ ಸಿಕ್ಕಿದ ಮೇಲೆ ಅಂಗಡಿಗೆ ಹೋದರೆ ಅಗ್ಗದ ಅಕ್ಕಿಯೂ ಚಿಕ್ಕ ಪೊಟ್ಟಣಗಳೂ ಮೊದಲೇ ತೀರಿರುವುವು. ಲಾಕ್‌ಡೌನ್ ಆರಂಭವಾದ ಮೇಲೆ ಕೂಲಿಯೂ ನಿಂತಿತು. ಅನಂತರ ಬಸ್ಸುಗಳಲ್ಲಿ ಇವರನ್ನು ಊರುಗಳಿಗೆ ಕಳುಹಿಸಿಕೊಟ್ಟುದು, ನಡುವಣ ದಿನಗಳಲ್ಲಿ ಮಠಗಳು, ದೇವಾಲಯಗಳು, ಇಗರ್ಜಿಗಳು, ಮಸೀದಿಗಳು ಮತ್ತು ಸೇವಾಸಂಘಗಳು ನಾಡಿನಾದ್ಯಂತ ಅನ್ನದ ಪೊಟ್ಟಣಗಳನ್ನು ಹಂಚಿದುದು ಸ್ಮರಣೀಯ.

ಶರಣರ ಚರಿತ್ರೆಯಲ್ಲಿ ಬರುವ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮನವರ ಪ್ರಸಂಗವು ಈ ವಿಷಯದಲ್ಲಿ ನೆನಪಾಗುವುದು ಸಹಜ. ಕಲ್ಯಾಣದಲ್ಲಿ ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಆ ದಿನದ ದಾಸೋಹಕ್ಕೆ ಬೇಕಾದುದಕ್ಕಿಂತ ಮಿಗಿಲಾದುದನ್ನು ಮರಳಿ ಅಲ್ಲಿಯೇ ಸುರಿದು ಬರುವಂತೆ ಲಕ್ಕಮ್ಮನು ಹೇಳಿದಳೆಂಬುದು ಕಥೆ. ಕೂಡಿಡುವವರಿಗೆ ಬುದ್ಧಿ ಹೇಳಲು ಈ ಪ್ರಸಂಗವನ್ನು ಉದಾಹರಿಸುವುದುಂಟು. ಆದರೆ ಕಥೆಯ ಒಳಗೆ ಇನ್ನೊಂದು ಅಂಶವಿದೆ. ನಾಳೆಯ ಕಾಯಕವು ನಾಳೆಯ ಅಕ್ಕಿಯನ್ನು ತರುವುದೆಂಬ ಭರವಸೆ ಲಕ್ಕಮ್ಮನಿಗೆ ಇತ್ತು. ಅಂಗಳವು ನಾಳೆಯೂ ತೆರೆದಿರುವುದೆಂಬುದು ಕಲ್ಯಾಣದಲ್ಲಿ ನಿಶ್ಚಿತವಾಗಿತ್ತು. ಅಂಗಳದ ಬಾಗಿಲು ನಾಳೆ ಮುಚ್ಚುವುದೆಂದು ಸಂಜೆ ಎಂಟಕ್ಕೆ ಸಾರಿ, ಯಾವಾಗ ತೆರೆಯುವುದೆಂದು ಹೇಳದೆ ಬಿಟ್ಟರೆ, ಕೂಡಿಡಬೇಡಿರೆಂಬ ಉಪದೇಶಕ್ಕೆ ಆಧಾರವೇ ಇರದು. ಜನರ ನೀತಿಯನ್ನು ದೂರುವ ಮೊದಲು ಅವರಿಗೆ ನಾಳೆಯ ಬಗ್ಗೆ ಏನನ್ನು ತಿಳಿಸಲಾಗಿತ್ತೆಂದು ಕೇಳುವುದು ನ್ಯಾಯ.

ಕೊಂಡುದೆಲ್ಲವೂ ಗಾಬರಿಯಲ್ಲವೆಂಬುದನ್ನೂ ಹೇಳಬೇಕು. ಹೋಟೆಲುಗಳು, ವಿದ್ಯಾರ್ಥಿನಿಲಯಗಳು, ಕಚೇರಿಯ ಕ್ಯಾಂಟೀನುಗಳು ಮುಚ್ಚಿದ ಮೇಲೆ ಎಲ್ಲರೂ ಮೂರು ಹೊತ್ತೂ ಮನೆಯಲ್ಲಿಯೇ ಉಣ್ಣಬೇಕಾದುದರಿಂದ ಮನೆಯ ಅಕ್ಕಿಬೇಳೆಯ ಖರ್ಚು ನಿಜವಾಗಿಯೇ ಏರಿತು. ಇನ್ನೊಂದೆಡೆ ಹೋಟೆಲುಗಳಿಗೆ ಹೋಗುತ್ತಿದ್ದ ಹಾಲು ಹಾಗೆಯೇ ಉಳಿಯಿತು. ರಾಜ್ಯ ಸರ್ಕಾರವು ೨೦೨೦ರ ಏಪ್ರಿಲ್ ಆರಂಭದಲ್ಲಿ ಆ ಹಾಲನ್ನು ಕೊಂಡು ಬಡವರಿಗೆ ಉಚಿತವಾಗಿ ಹಂಚಿಸಿತು. ನಾಡಿನಲ್ಲಿ ಪದಾರ್ಥದ ಅಭಾವವಿರಲಿಲ್ಲ. ಅದು ಇರಬೇಕಾದ ಕಡೆ, ಇರಬೇಕಾದ ಅಳತೆಯ ಪೊಟ್ಟಣದಲ್ಲಿ ಇರಲಿಲ್ಲ. ಪಡಿತರ ಚೀಟಿದಾರರಿಗೆ ಎರಡು ತಿಂಗಳ ಧಾನ್ಯವನ್ನು ಒಟ್ಟಿಗೆ ಕೊಡುವ ನಿರ್ಧಾರವೂ ಆ ದಿನಗಳಲ್ಲಿಯೇ ಆಯಿತು. ಮನೆಯಲ್ಲಿ ಅಕ್ಕಿ ಇದೆಯೆಂಬುದಕ್ಕಿಂತ ಸಮರ್ಥವಾದ ಸಮಾಧಾನದ ಸುದ್ದಿ ಬೇರೊಂದಿಲ್ಲ.

ಸುದ್ದಿಯನ್ನು ಸಾಗಿಸುವವರ ಕಡೆಯಿಂದಲೂ ಕೆಲವು ಪ್ರಯತ್ನಗಳು ನಡೆದವು. ಒಂದು ಸಂದೇಶವನ್ನು ಏಕಕಾಲಕ್ಕೆ ಐದು ಕಡೆಗಿಂ ತ ಹೆಚ್ಚು ಕಳುಹಿಸದಂತೆ ವಾಟ್ಸಾಪ್ ಸಂಸ್ಥೆಯು ಭಾರತದಲ್ಲಿ ೨೦೧೮ರಲ್ಲಿಯೇ ಮಿತಿ ಹಾಕಿತ್ತು. ೨೦೨೦ರ ಏಪ್ರಿಲ್ ೭ರಂದು, ಈಗಾಗಲೇ ಹಲವು ಬಾರಿ ಕೈ ಬದಲಾಯಿಸಿ ಬಂದ ಸಂದೇಶವನ್ನು ಒಮ್ಮೆಗೆ ಒಂದೇ ಕಡೆಗೆ ಕಳುಹಿಸಬಹುದೆಂದು ಅದನ್ನು ಇನ್ನಷ್ಟು ಬಿಗಿಗೊಳಿಸಿತು. ಇಂತಹ ಮಿತಿಯು ಸುಳ್ಳನ್ನು ಸತ್ಯದಿಂದ ಬೇರ್ಪಡಿಸಲಾರದು, ಎರಡನ್ನೂ ನಿಧಾನಗೊಳಿಸುವುದು. ಮೇಲಿನ ವಿವೇಚನೆಯ ಪ್ರಕಾರ ಆ ನಿಧಾನಕ್ಕೂ ಬೆಲೆಯುಂಟು. ಆದರೆ ಹೆಚ್ಚಿನ ಹೊಣೆಯು ಆಜ್ಞೆ ಹೊರಡಿಸುವವರ ಮತ್ತು ತಲೆಬರಹ ಬರೆಯುವವರ ಮೇಲಿದೆ. ‘ನಾಳೆಯಿಂದ ಸಂಪೂರ್ಣ ಬಂದ್’ ಎಂಬ ತಲೆಬರಹವೂ, ‘ನಾಳೆ, ನಾಡಿದ್ದು ಬಂದ್, ಬುಧವಾರದಿಂದ ದಿನವೂ ಬೆಳಗ್ಗೆ ೭ರಿಂದ ೧೨ರವರೆಗೆ ದಿನಸಿ ಲಭ್ಯ’ ಎಂಬ ತಲೆಬರಹವೂ ಒಂದೇ ಆಜ್ಞೆಯನ್ನು ತಿಳಿಸಬಹುದು. ಮೊದಲನೆಯದನ್ನು ಓದಿದವನು ಚೀಲ ಹುಡುಕುವನು. ಎರಡನೆಯದನ್ನು ಓದಿದವನು ಡಬ್ಬ ತೆರೆದು ಬುಧವಾರದವರೆಗೆ ಅಕ್ಕಿ ಇದೆಯೇ ಎಂದು ನೋಡುವನು.

ಅಂಗಡಿ ತೆರೆದಿರುವ ಅವಧಿಯೂ ಒಂದು ಬಗೆಯ ಸುದ್ದಿಯೇ. ಅವಧಿ ಕಿರಿದಾದಷ್ಟೂ ಅಭಾವದ ಸೂಚನೆ ಗಟ್ಟಿಯಾಗಿ ಕೇಳಿಸುವುದು. ೨೦೨೧ರ ಏಪ್ರಿಲ್‌ನಲ್ಲಿ ಎರಡನೆಯ ಅಲೆ ಬಂದಾಗ ಕರ್ನಾಟಕ ಸರ್ಕಾರವು ೨೭ರ ರಾತ್ರಿಯಿಂದ ನಿರ್ಬಂಧಗಳನ್ನು ಜಾರಿಗೆ ತಂದು, ಅಗತ್ಯ ವಸ್ತುಗಳ ಮಾರಾಟಕ್ಕೆ ಬೆಳಗ್ಗೆ ೬ರಿಂದ ೧೦ರವರೆಗೆ ನಾಲ್ಕು ಗಂಟೆಗಳನ್ನು ಮಾತ್ರ ಕೊಟ್ಟಿತು. ಆ ನಾಲ್ಕು ಗಂಟೆಗಳಲ್ಲಿ ಮಾರುಕಟ್ಟೆಗಳು ತುಂಬಿ ತುಳುಕಿದವು. ಕೆಲವೇ ದಿನಗಳಲ್ಲಿ, ಮೇ ತಿಂಗಳ ಆರಂಭದಲ್ಲಿ, ದಿನಸಿ ಅಂಗಡಿಗಳ ಅವಧಿಯನ್ನು ಮಧ್ಯಾಹ್ನ ೧೨ರವರೆಗೂ, ತಳ್ಳುಗಾಡಿ, ಹಾಪ್‌ಕಾಮ್ಸ್ ಮತ್ತು ಹಾಲಿನ ಮಳಿಗೆಗಳ ಅವಧಿಯನ್ನು ಸಂಜೆ ೬ರವರೆಗೂ ವಿಸ್ತರಿಸಲಾಯಿತು. ತರಕಾರಿಯ ತಳ್ಳುಗಾಡಿಯು ಬೀದಿಯಲ್ಲಿ ಸಂಜೆಯೂ ಓಡಾಡುವುದನ್ನು ಕಂಡ ಮನೆಯವರಿಗೆ, ಬೆಳಗ್ಗೆ ಆರಕ್ಕೆ ಸಾಲಿನಲ್ಲಿ ನಿಲ್ಲಲು ಕಾರಣ ಉಳಿಯಲಿಲ್ಲ.